ಮನೆಯೆದುರಿನ ಚರಂಡಿ ಯಾರದು?

ಹೊರದೇಶಗಳಲ್ಲಿ ನೆಲೆಸಿರುವ ನಮ್ಮ ವಿದ್ಯಾರ್ಥಿಗಳೂ ಬಂಧುಗಳೂ ಚಳಿಗಾಲದಲ್ಲಿ ಕಳುಹಿಸುವ ಛಾಯಾಚಿತ್ರಗಳಲ್ಲಿ, ಮನೆಯ ಯಜಮಾನನು ಅಗಲವಾದ ಸಲಿಕೆ ಹಿಡಿದು ಕಾಲುದಾರಿಯ ಹಿಮವನ್ನು ಬದಿಗೆ ತಳ್ಳುವ ದೃಶ್ಯವೊಂದು ತಪ್ಪದೆ ಇರುತ್ತದೆ. ಅದು ವ್ಯಾಯಾಮಕ್ಕಾಗಿ ಮಾಡುವ ಕೆಲಸವಲ್ಲ. ಹಲವು ಊರುಗಳಲ್ಲಿ ಅದು ಕಾನೂನು. ನ್ಯೂಯಾರ್ಕ್ ನಗರದಲ್ಲಿ ಹಗಲು ಹೊತ್ತು ಹಿಮಪಾತ ನಿಂತರೆ 4 ಗಂಟೆಗಳೊಳಗೆ ಮನೆಯೆದುರಿನ ದಾರಿ ತೆರವಾಗಬೇಕು. ಆಸ್ಟ್ರಿಯಾದಲ್ಲಿ ಬೆಳಗ್ಗೆ 6ರಿಂದ ರಾತ್ರಿ 10ರ ವರೆಗೆ ಆ ಹೊಣೆ ಜಾಗದ ಒಡೆಯನದು. ಬ್ರಿಟನ್ನಿನಲ್ಲಿ ಮಾತ್ರ ಅಂತಹ ಕಡ್ಡಾಯವಿಲ್ಲ. ದಾರಿ ಸಾರ್ವಜನಿಕರದ್ದು, ಆದರೆ ಅದರ ಶುಚಿತ್ವದ ಹೊಣೆ ಪಕ್ಕದ ಮನೆಯವನದು ಎಂಬ ಈ ವಿಚಾರ ನಮ್ಮ ಸೀಮೆಗೂ ಹೊಸತಲ್ಲ.

ಪುತ್ತೂರು, ಸುಳ್ಯ, ಕಡಬಗಳಲ್ಲಿ ಹಿಮ ಬೀಳುವುದಿಲ್ಲ. ಆದರೆ ಆಕಾಶವೇ ತೂತಾದಂತೆ ಮಳೆ ಬೀಳುತ್ತದೆ. ನಮ್ಮ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 4000 ಮಿಲಿಮೀಟರಿನ ಆಸುಪಾಸು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಗುಡ್ಡದ ನೀರು ಇಳಿದು ತೋಡು ಸೇರಲು ದಾರಿ ಬೇಕು. ಆ ದಾರಿಯನ್ನು ಮನುಷ್ಯ ಬಿಟ್ಟುಕೊಡದಿದ್ದರೆ ನೀರು ಮನುಷ್ಯನ ದಾರಿಯನ್ನೇ ಹಿಡಿಯುತ್ತದೆ.

ಇದನ್ನು ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ತುಳುವರ ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ, ಕೋಲ ನೇಮಗಳು ನಿಲ್ಲುತ್ತವೆ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದ ಸಿದ್ಧತೆಗೂ ಅದೇ ಗಡುವು. ತೋಟದ ಕಣಿಗಳ ಹೂಳೆತ್ತುವುದು, ಅಗಳು ಬಿಡಿಸುವುದು, ಓಣಿಯ ಬದಿಯ ಚರಂಡಿಯ ತರಗೆಲೆ ತೆಗೆಯುವುದು, ತೋಡಿಗೆ ಅಡಿಕೆ ಮರದ ಸಂಕ ಹಾಸುವುದು, ಪಾಚಿಗಟ್ಟುವ ಅಂಗಳದಲ್ಲಿ ಸಲಕೆ ಹಾಕುವುದು ಇವೆಲ್ಲ ಒಂದೇ ಸರಣಿಯ ಕೆಲಸಗಳು. ನಮ್ಮಲ್ಲಿ ಮನೆಗಳು ಒತ್ತೊತ್ತಾಗಿಲ್ಲ; ಒಬ್ಬೊಬ್ಬರ ಜಾಗದಲ್ಲಿ ಒಂದೊಂದು ಮನೆ. ಆದ್ದರಿಂದ ಕಾಲುದಾರಿ ಯಾರ ಜಾಗದ ಅಂಚಿನಲ್ಲಿ ಹಾದುಹೋಗುತ್ತದೆಯೋ ಅದರ ಆರೈಕೆಯೂ ಆ ಮನೆಯವರದೇ ಎಂಬುದು ಬರೆದಿಡದ ಕಟ್ಟಳೆಯಾಗಿತ್ತು.

ಬರೆದಿಟ್ಟ ಕಟ್ಟಳೆಗಳೂ ಇದ್ದವು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ಬೀದಿಗೆ ಕಸ ಮಣ್ಣು ಸುರಿದವನಿಗೆ ಪಣದ ಎಂಟನೆಯ ಒಂದು ಭಾಗ ದಂಡ, ಕೆಸರು ನೀರು ಕಟ್ಟಿ ನಿಲ್ಲುವಂತೆ ಮಾಡಿದವನಿಗೆ ಕಾಲು ಪಣ, ರಾಜಮಾರ್ಗದಲ್ಲಾದರೆ ಎರಡರಷ್ಟು. ಕಸಕ್ಕಿಂತ ನಿಂತ ನೀರಿಗೆ ದಂಡ ಹೆಚ್ಚು ಎಂಬುದನ್ನು ಗಮನಿಸಬೇಕು. ಪ್ರಾಚೀನ ರೋಮಿನಲ್ಲೂ ಕಟ್ಟಡದ ಒಡೆಯನು ತನ್ನೆದುರಿನ ಬೀದಿಯನ್ನು ದುರಸ್ತಿಯಲ್ಲಿಟ್ಟು ನೀರು ನಿಲ್ಲದಂತೆ ನೋಡಿಕೊಳ್ಳಬೇಕಿತ್ತು.

ನಮ್ಮ ಕೆನರಾ ಸೀಮೆ 1799ರಲ್ಲಿ ಕಂಪನಿಯ ವಶವಾಗಿ ಬಳಿಕ ಮದ್ರಾಸ್ ಆಡಳಿತಕ್ಕೆ ಸೇರಿತು. ಆ ಪ್ರಾಂತದಲ್ಲಿ ಊರವರೇ ಕೂಡಿ ಕೆರೆ ಕಾಲುವೆಗಳನ್ನು ದುರಸ್ತಿ ಮಾಡುವ ಪದ್ಧತಿಗೆ ಕುಡಿಮರಾಮತ್ತು ಎಂದು ಹೆಸರು. 1858ರ ಮದ್ರಾಸ್ ಕಾಯಿದೆಯೊಂದು ಈ ರೂಢಿಗೆ ಕಾನೂನಿನ ಬಲ ಕೊಟ್ಟಿತು. ನೀರಾವರಿ ಅಥವಾ ನೀರು ಬಸಿಯುವ ಕಾಮಗಾರಿಗೆ ರೂಢಿಯಂತೆ ದುಡಿಮೆ ಕೊಡಬೇಕಾದವನು ಸಕಾರಣವಿಲ್ಲದೆ ತಪ್ಪಿಸಿಕೊಂಡರೆ ಆ ದುಡಿಮೆಯ ಬೆಲೆಯ ಎರಡರಷ್ಟು ತೆರಬೇಕಿತ್ತು. ಮುಂದೆ 1882ರ ಅನುಭೋಗ ಹಕ್ಕುಗಳ ಕಾಯಿದೆ ಬಂತು; ಅದು ಮೊದಲು ಜಾರಿಯಾದ ಪ್ರದೇಶಗಳಲ್ಲಿ ಮದ್ರಾಸ್ ಪ್ರಾಂತವೂ ಕೊಡಗೂ ಸೇರಿದ್ದವು. ಮೇಲಿನ ಜಾಗದಲ್ಲಿ ಬಿದ್ದ ನೀರು ಸಹಜವಾಗಿ ಕೆಳಗಿನ ಜಾಗಕ್ಕೆ ಹರಿಯಲು ಕೆಳಗಿನವನು ಬಿಡಬೇಕೆಂದು ಅದು ಹೇಳುತ್ತದೆ. 'ಸಹಜವಾಗಿ' ಎಂಬ ಮಾತು ಮುಖ್ಯ. ಮೇಲಿನವನು ಅಂಗಳ ಏರಿಸಿ ನೀರನ್ನೆಲ್ಲ ಒಂದೇ ಕಡೆಗೆ ತಿರುಗಿಸುವುದು ಸಹಜವಲ್ಲ.

ಇಷ್ಟು ಓದಿ 'ಆ ಕಾಲವೇ ಚೆನ್ನಾಗಿತ್ತು' ಎಂದು ಯಾರೂ ನಿಟ್ಟುಸಿರು ಬಿಡಬೇಕಾಗಿಲ್ಲ. ಓಣಿಯ ಚರಂಡಿ ಬಿಡಿಸುವ ಹೊಣೆ ಮನೆಯ ಯಜಮಾನನದ್ದಾದರೂ, ಮಳೆಯಲ್ಲಿ ಹಾರೆ ಹಿಡಿದದ್ದು ಯಜಮಾನನ ಕೈಯಲ್ಲ. ಒಕ್ಕಲುಗಳು, ಮೂಲದಾಳುಗಳು ಹಲವೆಡೆ ಕೂಲಿಯಿಲ್ಲದೆ ಬಿಟ್ಟಿಯಾಗಿ ಆ ಕೆಲಸ ಮಾಡಿದರು. ಅವರಲ್ಲಿ ಕೆಲವರಿಗೆ ತಾವೇ ಬಿಡಿಸಿದ ದಾರಿಯಲ್ಲಿ ಎಲ್ಲರಂತೆ ನಡೆದುಹೋಗುವ ಹಕ್ಕೂ ಇರಲಿಲ್ಲ. 1974ರ ಭೂಸುಧಾರಣೆಯಿಂದ ಗೇಣಿದಾರರು ಭೂಮಿಯ ಒಡೆಯರಾದರು. 1976ರಲ್ಲಿ ಜೀತಪದ್ಧತಿ ನಿಷೇಧದ ಕಾನೂನು ಬಂತು. ಬಿಟ್ಟಿ ದುಡಿಮೆ ನಿಂತದ್ದು ನ್ಯಾಯವೇ. ಆದರೆ ದುಡಿಮೆಯ ಜತೆಗೆ ಹೊಣೆಯೂ ಕಳಚಿಬಿತ್ತು ಎಂಬುದೇ ದುಃಖದ ಸಂಗತಿ.

ಮುಂದೆ ದಾರಿಗಳು ಪಂಚಾಯತಿಯವಾದವು. 1993ರ ಪಂಚಾಯತ್ ರಾಜ್ ಕಾಯಿದೆಯ ನಂತರ ರಸ್ತೆ ಚರಂಡಿಗಳೆಂದರೆ ಪಂಚಾಯತಿಯ ಕೆಲಸ ಎಂಬ ಭಾವನೆ ಗಟ್ಟಿಯಾಯಿತು. ಇಂದು ಪುತ್ತೂರಿನಲ್ಲಿ ನಗರಸಭೆ, ಸುಳ್ಯ ಕಡಬಗಳಲ್ಲಿ ಪಟ್ಟಣ ಪಂಚಾಯತಿ ಇವೆ. ಆಡಳಿತದ ಹೊಣೆ ಚಿಕ್ಕದೆಂದು ನಾನು ಹೇಳುತ್ತಿಲ್ಲ. 1980ರಲ್ಲಿ ರತ್ಲಾಂ ಪುರಸಭೆಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು, ಹಣವಿಲ್ಲವೆಂಬ ನೆಪದಿಂದ ಪುರಸಭೆಯು ಚರಂಡಿಯ ಕರ್ತವ್ಯ ತಪ್ಪಿಸಿಕೊಳ್ಳುವಂತಿಲ್ಲ ಎಂದು ತೀರ್ಪಿತ್ತರು. ಆದರೆ ಚರಂಡಿಯ ಮೇಲೆ ವಾಹನ ಹೋಗಲೆಂದು ಕಾಂಕ್ರೀಟು ಹಾಸಿ ಅಡಿಯಲ್ಲಿ ಕೈ ತೂರದಷ್ಟು ಸಣ್ಣ ಪೈಪು ಇಟ್ಟವರು ಯಾರು? ಕಾಂಪೌಂಡನ್ನು ಡಾಮರಿನ ಅಂಚಿನವರೆಗೆ ತಂದವರು ಯಾರು? ಜೇಸೀಬಿಯಿಂದ ಗುಡ್ಡ ಕಡಿದ ಮಣ್ಣನ್ನು ರಸ್ತೆಯ ಬದಿಗೆ ನೂಕಿದವರು ಯಾರು? ಮೋರಿ ಕಟ್ಟಿದ ಮೇಲೆ ನೀರು ರಸ್ತೆಗೇರುತ್ತದೆ, ಡಾಮರು ಕಿತ್ತುಬರುತ್ತದೆ, ಶಾಲೆಗೆ ನಡೆಯುವ ಮಕ್ಕಳು ಜೀಪು ಬಂದಾಗ ಹೊಂಡಕ್ಕೇ ಇಳಿಯಬೇಕಾಗುತ್ತದೆ.

2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಸಂಪಾಜೆ ಘಾಟಿಯ ರಸ್ತೆ ಕಡಿದುಹೋಯಿತು. 2022ರ ಆಗಸ್ಟ್ 1ರಂದು ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಜರಿದು ಇಬ್ಬರು ಎಳೆಯ ಬಾಲೆಯರು ತೀರಿಕೊಂಡರು. ಇಂತಹ ದುರಂತಗಳನ್ನು ಚರಂಡಿಯ ತಲೆಗೆ ಕಟ್ಟುವುದು ಸರಿಯಲ್ಲ; ಅತಿವೃಷ್ಟಿಯ ಮುಂದೆ ಹಾರೆ ಗುದ್ದಲಿಗಳು ಅಲ್ಪ. ಆದರೂ ನೀರು ಎಲ್ಲಿ ಇಂಗುತ್ತದೆ, ಎಲ್ಲಿಗೆ ಹರಿಯುತ್ತದೆ ಎಂದು ಮಳೆಗೆ ಮೊದಲೇ ತನ್ನ ಜಾಗ ಸುತ್ತಿ ನೋಡುವ ಅಭ್ಯಾಸ ಕೈಬಿಟ್ಟದ್ದು ಒಳ್ಳೆಯದಾಗಲಿಲ್ಲ.

ನಮ್ಮ ಭಾಗದ 'ಕಟ್ಟ'ಗಳಿಂದ ಒಂದು ಪಾಠವಿದೆ. ಮಳೆ ನಿಂತ ಮೇಲೆ ತೋಡಿಗೆ ಅಡ್ಡವಾಗಿ ಕಲ್ಲು ಮಣ್ಣಿನ ಕಟ್ಟ ಕಟ್ಟುವಾಗ ಪ್ರಯೋಜನ ಪಡೆಯುವವರೆಲ್ಲ ಕೈಗೂಡಿಸುತ್ತಾರೆ. ನೀರು ತಮ್ಮ ತೋಟಕ್ಕೇ ಬರುತ್ತದಲ್ಲ! ಚರಂಡಿಯ ಪ್ರಯೋಜನವಾದರೋ ದಾರಿಹೋಕನಿಗೆ, ಕೆಳಗಿನ ಮನೆಯವನಿಗೆ. ಲಾಭ ಪರರದಾದಲ್ಲಿ ಕಟ್ಟಳೆ ಬೇಕಾಗುತ್ತದೆ. ಹಿಮದ ನಾಡಿನವರು ಕಾನೂನು ಮಾಡಿದ್ದೂ ಅದಕ್ಕಾಗಿಯೇ ಇರಬೇಕು.

ಆದರೆ ದಂಡದ ಕಾನೂನೊಂದರಿಂದಲೇ ನಮ್ಮ ಸಮಸ್ಯೆ ಮುಗಿಯದು. ಇಂದು ಅನೇಕ ಮನೆಗಳಲ್ಲಿ ಉಳಿದಿರುವವರು ಎಪ್ಪತ್ತು ದಾಟಿದ ದಂಪತಿಗಳು ಮಾತ್ರ. ಕೆಲವು ಮನೆಗಳಿಗೆ ಬೀಗವೇ ಬಿದ್ದಿದೆ. ಹಾರೆ ಎತ್ತಲಾರದ ಕೈಗಳಿಗೆ ದಂಡ ವಿಧಿಸುವುದು ನ್ಯಾಯವೆ? ಆದ್ದರಿಂದ ದೂರದಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಒಂದು ವಿನಂತಿ. ಅಲ್ಲಿ ಕಾನೂನಿಗೆ ತಲೆಬಾಗಿ ಹಿಮ ಸರಿಸುವ ನೀವು, ಇಲ್ಲಿನ ನಿಮ್ಮ ಜಾಗದ ಅಂಚಿನ ಚರಂಡಿಗೂ ಒಡೆಯರೇ. ಪ್ರತಿವರ್ಷ ಪತ್ತನಾಜೆಗೆ ಮೊದಲು ಎರಡು ಆಳುಗಳ ಪೂರ್ಣ ಕೂಲಿಯನ್ನು ಊರಿಗೆ ಕಳುಹಿಸಿರಿ. ನಂಬಿಕೆಯ ನೆರೆಯವರೊಬ್ಬರಿಗೆ ಹೇಳಿ ಕೆಲಸ ಮಾಡಿಸಿರಿ. ಬಿಟ್ಟಿ ಬೇಡ, ಉಪಕಾರವೆಂಬ ಭಾವವೂ ಬೇಡ. ಕೆಳಗಿನ ಮನೆಯ ಬಾವಿಗೆ ಕೆಂಪುನೀರು ಇಳಿಯದಿದ್ದರೆ ಅಷ್ಟೇ ಸಾಕು.