ಬ್ಯಾಂಕ್ ಠೇವಣಿ ಮತ್ತು ಸಾಲ: ಅವಳಿ ನಗರದ ನಾಗರಿಕರು ತಿಳಿದಿರಬೇಕಾದ ಮೂಲಾಂಶಗಳು

ಪಿಂಚಣಿ, ವಿದ್ಯಾರ್ಥಿವೇತನ, ಸಹಾಯಧನ ಮುಂತಾದ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವವರು ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿಯನ್ನು ಲಗತ್ತಿಸುವುದು ವಾಡಿಕೆ. ಆ ಪ್ರತಿಯಲ್ಲಿ ಮುದ್ರಿತವಾಗಿರುವ ಹೆಸರಿನ ಬ್ಯಾಂಕು ಈಗ ಅಸ್ತಿತ್ವದಲ್ಲಿಯೇ ಇಲ್ಲದಿರುವ ಪ್ರಸಂಗಗಳು ಹುಬ್ಬಳ್ಳಿ-ಧಾರವಾಡದಲ್ಲಿ ಸಾಕಷ್ಟಿವೆ.

ಧಾರವಾಡದಲ್ಲಿ ಪ್ರಧಾನ ಕಚೇರಿ ಹೊಂದಿದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಇದಕ್ಕೆ ಉತ್ತಮ ನಿದರ್ಶನ. ಮಲಪ್ರಭಾ, ಬಿಜಾಪುರ, ವರದಾ ಹಾಗೂ ನೇತ್ರಾವತಿ ಗ್ರಾಮೀಣ ಬ್ಯಾಂಕುಗಳು ಒಂದುಗೂಡಿ 2005ರ ಸೆಪ್ಟೆಂಬರ್‌ನಲ್ಲಿ ಈ ಬ್ಯಾಂಕು ರಚನೆಯಾಯಿತು. ಇದರ ಪ್ರಾಯೋಜಕ ಬ್ಯಾಂಕಾಗಿದ್ದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. 2025ರ ಮೇ 1ರಿಂದ, ಒಂದು ರಾಜ್ಯಕ್ಕೆ ಒಂದು ಗ್ರಾಮೀಣ ಬ್ಯಾಂಕು ಎಂಬ ನೀತಿಯನ್ವಯ, ಸ್ವತಃ ವಿಕಾಸ ಗ್ರಾಮೀಣ ಬ್ಯಾಂಕ್ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಭಾಗವಾಗಿದೆ. ವಿಲೀನದಿಂದ ಗ್ರಾಹಕರ ಹಣಕ್ಕೆ ಹಾನಿಯಿಲ್ಲ. ಆದರೆ ಐಎಫ್‌ಎಸ್‌ಸಿ ಸಂಕೇತ ಹಾಗೂ ಚೆಕ್ ಪುಸ್ತಕ ಬದಲಾಗುವುದುಂಟು. ಆದ್ದರಿಂದ ಅರ್ಜಿದಾರರು ಹಳೆಯ ಪ್ರತಿಯನ್ನೇ ಮತ್ತೆ ಮತ್ತೆ ಲಗತ್ತಿಸದೆ, ಶಾಖೆಯಲ್ಲಿ ಪಾಸ್‌ಪುಸ್ತಕವನ್ನು ನವೀಕರಿಸಿಕೊಳ್ಳತಕ್ಕದ್ದು.

ಠೇವಣಿ ವಿಮೆ

ವಿಲೀನದ ಇನ್ನೊಂದು ಪರಿಣಾಮ ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಬ್ಯಾಂಕು ಮುಚ್ಚಿಹೋದ ಪಕ್ಷದಲ್ಲಿ ಠೇವಣಿ ವಿಮೆ ಮತ್ತು ಸಾಲ ಖಾತರಿ ನಿಗಮವು ಪ್ರತಿ ಠೇವಣಿದಾರರಿಗೆ ಅಸಲು ಮತ್ತು ಬಡ್ಡಿ ಸೇರಿ ಗರಿಷ್ಠ 5 ಲಕ್ಷ ರೂಪಾಯಿಗಳವರೆಗೆ ಪಾವತಿಸುತ್ತದೆ. 1993ರಿಂದ 1 ಲಕ್ಷವಿದ್ದ ಈ ಮಿತಿಯನ್ನು 2020ರ ಫೆಬ್ರವರಿ 4ರಿಂದ ಹೆಚ್ಚಿಸಲಾಯಿತು. ವಿಮಾ ಕಂತನ್ನು ಭರಿಸುವುದು ಬ್ಯಾಂಕೇ ಹೊರತು ಗ್ರಾಹಕರಲ್ಲ. ಈ ಮಿತಿಯು ಶಾಖೆಗೆ ಅಲ್ಲ, ಖಾತೆಗೂ ಅಲ್ಲ, ಒಂದು ಬ್ಯಾಂಕಿಗೆ ಅನ್ವಯಿಸುತ್ತದೆ. ಉದಾಹರಣೆಗೆ, ಒಬ್ಬ ನಿವೃತ್ತ ನೌಕರರು ಸಿಂಡಿಕೇಟ್ ಬ್ಯಾಂಕಿನಲ್ಲಿ 4 ಲಕ್ಷ, ಕೆನರಾ ಬ್ಯಾಂಕಿನಲ್ಲಿ 4 ಲಕ್ಷ ರೂಪಾಯಿ ಇಟ್ಟಿದ್ದರೆಂದು ಭಾವಿಸೋಣ. ಮೊದಲು ಎರಡಕ್ಕೂ ಪ್ರತ್ಯೇಕ ರಕ್ಷಣೆಯಿತ್ತು. ಈಗ ಒಂದೇ ಬ್ಯಾಂಕಿನ 8 ಲಕ್ಷವಾಗಿ, ಅದರಲ್ಲಿ 5 ಲಕ್ಷಕ್ಕೆ ಮಾತ್ರ ವಿಮೆಯುಂಟು. ಗ್ರಾಮೀಣ ಬ್ಯಾಂಕು ತನ್ನ ಪ್ರಾಯೋಜಕ ಬ್ಯಾಂಕಿನಿಂದ ಬೇರೆಯಾದ ಸಂಸ್ಥೆಯಾದುದರಿಂದ ಅಲ್ಲಿನ ಠೇವಣಿಯ ಲೆಕ್ಕ ಬೇರೆ.

ರಾಷ್ಟ್ರೀಕೃತ ಬ್ಯಾಂಕುಗಳ ವಿಷಯದಲ್ಲಿ ಇದು ಬಹುಮಟ್ಟಿಗೆ ಲೆಕ್ಕದ ಮಾತು. ಸಹಕಾರಿ ಬ್ಯಾಂಕುಗಳಲ್ಲಿ ಹಾಗಲ್ಲ. ಬೆಂಗಳೂರಿನ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕು 2020ರ ಜನವರಿಯಲ್ಲಿ ನಿರ್ಬಂಧ ವಿಧಿಸಿದಾಗ ಖಾತೆದಾರರು ಆರಂಭದಲ್ಲಿ 35,000 ರೂಪಾಯಿಗಳಿಗಿಂತ ಹೆಚ್ಚು ಪಡೆಯುವಂತಿರಲಿಲ್ಲ; ಜೀವಮಾನದ ಉಳಿತಾಯವನ್ನು ಅಲ್ಲಿಟ್ಟಿದ್ದ ಹಿರಿಯ ನಾಗರಿಕರು ಅವರಲ್ಲಿದ್ದರು. 2021ರ ತಿದ್ದುಪಡಿಯ ನಂತರ, ಇಂತಹ ನಿರ್ಬಂಧ ಜಾರಿಯಾದ 90 ದಿನಗಳೊಳಗೆ ವಿಮಾ ಮೊತ್ತ ನೀಡಲು ಅವಕಾಶ ಕಲ್ಪಿಸಲಾಗಿದೆ.

ಬ್ಯಾಂಕು ಮತ್ತು ಪತ್ತಿನ ಸಹಕಾರಿ

ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವು 1905ರಲ್ಲಿ, ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಸ್ಥಾಪನೆಯಾಯಿತು. ಸಹಕಾರಿಗಳ ಮೇಲೆ ಈ ಭಾಗದ ಜನರಿಗೆ ಇರುವ ವಿಶ್ವಾಸಕ್ಕೆ ಇಷ್ಟು ಹಳೆಯ ಬೇರಿದೆ. ಆದರೆ ಪತ್ತಿನ ಸಹಕಾರ ಸಂಘ ಹಾಗೂ ಪತ್ತಿನ ಸೌಹಾರ್ದ ಸಹಕಾರಿಗಳು ಬ್ಯಾಂಕುಗಳಲ್ಲ. ಅವು 1959ರ ಸಹಕಾರ ಸಂಘಗಳ ಅಧಿನಿಯಮ ಅಥವಾ 1997ರ ಸೌಹಾರ್ದ ಸಹಕಾರಿ ಅಧಿನಿಯಮದಡಿ ನೋಂದಣಿಯಾದವು. ಅಲ್ಲಿನ ಠೇವಣಿಗೆ ಮೇಲೆ ಹೇಳಿದ ವಿಮೆ ಇರುವುದಿಲ್ಲ. ನಗರ ಸಹಕಾರಿ ಬ್ಯಾಂಕುಗಳಿಗೆ ಮತ್ತು ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿಗೆ ವಿಮೆ ಇದೆ. ಫಲಕ, ಗಾಜಿನ ಬಾಗಿಲು, ಗಣಕಯಂತ್ರ ಎಲ್ಲವೂ ಬ್ಯಾಂಕಿನಂತೆಯೇ ಕಾಣುವುದರಿಂದ ಠೇವಣಿ ರಸೀದಿಯ ಮೇಲಿನ ಪೂರ್ಣ ಹೆಸರನ್ನು ಓದಿ, ರಿಸರ್ವ್ ಬ್ಯಾಂಕಿನ ಪರವಾನಗಿ ಇದೆಯೇ ಎಂದು ಕೇಳಿ ತಿಳಿಯುವುದು ಅವಶ್ಯ. ಒಂದೆರಡು ಶೇಕಡಾ ಹೆಚ್ಚಿನ ಬಡ್ಡಿಯ ಜೊತೆಗೆ ಬರುವ ಹೊಣೆ ಯಾರದೆಂಬುದು ಆಗ ಸ್ಪಷ್ಟವಾಗುತ್ತದೆ.

ಸಾಲ ಮತ್ತು ಜಾಮೀನು

ಉಳಿತಾಯ ಖಾತೆ ವೈಯಕ್ತಿಕ ಬಳಕೆಗೆ. ವ್ಯಾಪಾರಸ್ಥರಿಗೆ ಚಾಲ್ತಿ ಖಾತೆ, ಇದಕ್ಕೆ ಬಡ್ಡಿ ಇಲ್ಲ. ಅಮರಗೋಳದ ಕೃಷಿ ಮಾರುಕಟ್ಟೆಯ ವರ್ತಕರಿಗೂ ತಾರಿಹಾಳದ ಸಣ್ಣ ಉದ್ದಿಮೆಗಳಿಗೂ ಹೆಚ್ಚು ಉಪಯುಕ್ತವಾದುದು ಕ್ಯಾಶ್ ಕ್ರೆಡಿಟ್ ಸೌಲಭ್ಯ. ಇದರಲ್ಲಿ ಮಂಜೂರಾದ ಮಿತಿಗಲ್ಲ, ಬಳಸಿದ ಮೊತ್ತಕ್ಕೆ ಮಾತ್ರ ಬಡ್ಡಿ. ದಾಸ್ತಾನಿನ ವಿವರಪಟ್ಟಿಯನ್ನು ಕಾಲಕಾಲಕ್ಕೆ ಸಲ್ಲಿಸಬೇಕು. ದಾಸ್ತಾನು ಇಳಿದರೆ ಪಡೆಯಬಹುದಾದ ಮೊತ್ತವೂ ಇಳಿಯುತ್ತದೆ. ಅವಧಿ ಸಾಲದ ಕಂತು ಅಥವಾ ಬಡ್ಡಿ 90 ದಿನಗಳಿಗಿಂತ ಹೆಚ್ಚು ಬಾಕಿ ಉಳಿದರೆ ಆ ಸಾಲವು ಅನುತ್ಪಾದಕವೆಂದು ವರ್ಗೀಕೃತವಾಗುತ್ತದೆ.

ಸ್ನೇಹಕ್ಕಾಗಿ ಜಾಮೀನು ಸಹಿ ಹಾಕುವವರು ವಿಶೇಷವಾಗಿ ಗಮನಿಸಬೇಕು. ಭಾರತೀಯ ಕರಾರು ಅಧಿನಿಯಮದ 128ನೇ ಪ್ರಕರಣದಂತೆ, ಕರಾರಿನಲ್ಲಿ ಬೇರೆ ರೀತಿ ಹೇಳಿರದ ಹೊರತು, ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಇರುತ್ತದೆ. ಸಾಲಗಾರರಿಂದ ವಸೂಲಿಗೆ ಮೊದಲು ಪ್ರಯತ್ನಿಸಿ ಎಂದು ಬ್ಯಾಂಕನ್ನು ಒತ್ತಾಯಿಸಲು ಬರುವುದಿಲ್ಲ.

ನಾಮನಿರ್ದೇಶನ

2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡಬಹುದು. ನಾಮಿನಿಯು ಹಣ ಸ್ವೀಕರಿಸುವವರಷ್ಟೇ; ಕಾನೂನುಬದ್ಧ ವಾರಸುದಾರರ ಹಕ್ಕು ಉಳಿದೇ ಇರುತ್ತದೆ.

ದೂರು

ಮೊದಲು ಶಾಖೆಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯಬೇಕು. 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಪತ್ತಿನ ಸಹಕಾರಿಗಳ ಮೇಲಿನ ದೂರುಗಳು ಅಲ್ಲಿ ಸ್ವೀಕೃತವಾಗುವುದಿಲ್ಲ. ಅವುಗಳನ್ನು ಸಹಕಾರ ಸಂಘಗಳ ನಿಬಂಧಕರ ಕಚೇರಿಗೆ, ಠೇವಣಿ ರಸೀದಿಯ ಪ್ರತಿಯೊಂದಿಗೆ ಸಲ್ಲಿಸತಕ್ಕದ್ದು.