ಹಿಮ ಚಿರತೆ ಉಳಿಯಲಿ, ಆದ್ರೆ ಕುರಿಯ ಲೆಕ್ಕ ಯಾರು ಕೊಡ್ತಾರೆ?

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಕುರಿಗಾರರಿಗೆ ತೋಳ ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಒಂದು ರಾತ್ರಿ ಹಟ್ಟಿಗೆ ನುಗ್ಗಿದರೆ ಸಾಕು, ವರ್ಷದ ಲೆಕ್ಕವೇ ತಲೆಕೆಳಗು. ಹಿಮಾಚಲದ ಸ್ಪಿತಿ ಕಣಿವೆಯ ದನಗಾಹಿಗಳದ್ದೂ ಇದೇ ಗೋಳು. ಅಲ್ಲಿ ತೋಳದ ಜೊತೆಗೆ ಹಿಮ ಚಿರತೆಯೂ ಇದೆ.

ಹೇಗಿರುತ್ತೆ?

ಭಾರತವೂ ಸೇರಿ 12 ದೇಶಗಳ ಎತ್ತರದ ಪರ್ವತಗಳಲ್ಲಿ, ಸಾಮಾನ್ಯವಾಗಿ 3,000 ಮೀಟರ್‌ಗಿಂತ ಮೇಲೆ ಇದರ ವಾಸ. ಬೂದು ಮೈಮೇಲೆ ಕಪ್ಪು ಮಚ್ಚೆ. ಬಂಡೆಗಳ ನಡುವೆ ಕೂತರೆ ಎದುರಿಗಿದ್ದರೂ ಕಾಣೋದಿಲ್ಲ. ಅಗಲವಾದ ಪಂಜ ಹಿಮದಲ್ಲಿ ಹೂತುಹೋಗದಂತೆ ತಡೆಯುತ್ತದೆ. ಸುಮಾರು ಒಂದು ಮೀಟರ್ ಉದ್ದದ ಬಾಲ ಕಡಿದಾದ ಇಳಿಜಾರಿನಲ್ಲಿ ಸಮತೋಲಕ್ಕೆ, ಮಲಗಿದಾಗ ಹೊದಿಕೆಗೆ. ಹುಲಿ, ಸಿಂಹದ ಹಾಗೆ ಇದು ಘರ್ಜಿಸುವುದಿಲ್ಲ. ಭರಲ್ ಎಂಬ ನೀಲಿ ಕುರಿ, ಐಬೆಕ್ಸ್ ಎಂಬ ಕಾಡುಮೇಕೆ ಇದರ ಮುಖ್ಯ ಆಹಾರ.

ಎಷ್ಟಿವೆ?

2019ರಿಂದ 2023ರವರೆಗೆ ನಡೆದ ದೇಶದ ಮೊದಲ ಸಮಗ್ರ ಗಣತಿಯ ಪ್ರಕಾರ ಭಾರತದಲ್ಲಿ 718. ಲಡಾಖ್‌ನಲ್ಲೇ 477, ಉತ್ತರಾಖಂಡ 124, ಹಿಮಾಚಲ 51, ಅರುಣಾಚಲ 36, ಸಿಕ್ಕಿಂ 21, ಜಮ್ಮು-ಕಾಶ್ಮೀರ 9. ಕ್ಯಾಮೆರಾಕ್ಕೆ ಸಿಕ್ಕಿದ್ದು 241 ಬೇರೆ ಬೇರೆ ಚಿರತೆಗಳು. ಉಳಿದದ್ದು ಅದರ ಮೇಲಿನ ಅಂದಾಜು. ಭಾರತೀಯ ವನ್ಯಜೀವಿ ಸಂಸ್ಥೆ ನಡೆಸಿದ ಈ ಕೆಲಸದಲ್ಲಿ ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಪಾಲುದಾರ.

ಮೈಸೂರಿನವರು ಅಲ್ಲಿ ಮಾಡಿದ್ದೇನು?

ಚಾರುದತ್ತ ಮಿಶ್ರಾ ಮತ್ತು ಸಂಗಡಿಗರು ಸ್ಪಿತಿಯ ಕಿಬ್ಬರ್‌ನಲ್ಲಿ ಊರವರ ಜೊತೆ ಕೂತು ಮಾತಾಡಿದರು. ಹಿಮ ಚಿರತೆಗೆ ಭರಲ್ ಬೇಕು, ಭರಲ್‌ಗೆ ಹುಲ್ಲು ಬೇಕು, ಆ ಹುಲ್ಲನ್ನು ಊರಿನ ದನ-ಕುರಿಯೂ ಮೇಯುತ್ತವೆ. ಹಾಗಾಗಿ 1990ರ ದಶಕದ ಕೊನೆಯಲ್ಲಿ ಊರು ಒಂದಿಷ್ಟು ಹುಲ್ಲುಗಾವಲನ್ನು ಮೇಯಿಸದೆ ಬಿಟ್ಟಿತು. ಅದಕ್ಕೆ ಪ್ರತಿಯಾಗಿ ಊರಿಗೆ ಹಣ. 2002ರಲ್ಲಿ ಜಾನುವಾರು ವಿಮೆ ಶುರುವಾಯಿತು. ಸಾಕಿದವರು ಕಂತು ಕಟ್ಟುತ್ತಾರೆ, ಪ್ರಾಣಿ ಸತ್ತರೆ ಊರಿನ ಸಮಿತಿಯೇ ಪರಿಶೀಲಿಸಿ ಪರಿಹಾರ ಕೊಡುತ್ತದೆ. ಅಕ್ಕಪಕ್ಕದವರೇ ನೋಡುವುದರಿಂದ ಸುಳ್ಳು ಲೆಕ್ಕ ನಡೆಯೋದು ಕಷ್ಟ. ಕೊಟ್ಟಿಗೆಗೆ ತಂತಿಬಲೆ, ಗಟ್ಟಿ ಬಾಗಿಲು ಹಾಕಿಸುವ ಕೆಲಸವೂ ಆಯಿತು.

ಎಂಜಿನಿಯರಿಂಗ್ ಓದಿದ ನನಗೆ ಇದರಲ್ಲಿ ಇಷ್ಟವಾಗೋದು ಸರಳ ವಿನ್ಯಾಸ: ನಷ್ಟವನ್ನು ಒಬ್ಬನ ತಲೆಗೆ ಕಟ್ಟದೆ ಎಲ್ಲರಿಗೂ ಹಂಚುವುದು.

ನಮಗೇನು ಪಾಠ?

ನಮ್ಮಲ್ಲಿ ತೋಳ ಉಳಿಸಿ ಅನ್ನುವವರು ಪಟ್ಟಣದಲ್ಲಿರ್ತಾರೆ, ಕುರಿ ಕಳಕೊಳ್ಳುವವರು ಭೀಮಾ ದಂಡೆಯ ಬಯಲಲ್ಲಿ. ಸತ್ತ ಕುರಿಗೆ ಕಚೇರಿ ಅಲೆಯಬೇಕಾದರೆ ಕುರಿಗಾರ ವಿಷದ ದಾರಿ ಹಿಡಿದಾನು. ಪರಿಹಾರದ ತೀರ್ಮಾನ ಊರಲ್ಲೇ, ಬೇಗ ಆಗಲಿ. ಕಾಡುಪ್ರಾಣಿ ದೇಶದ ಆಸ್ತಿ ಅಂತೀವಲ್ಲ, ಅದು ತಿಂದ ಕುರಿಯ ಬಿಲ್ಲು ಬಡವನೊಬ್ಬನೇ ಯಾಕೆ ಕಟ್ಟಬೇಕು?