ಕೊಡಗಿನ 1952ರ ಚುನಾವಣೆಯೂ ತಕ್ಕಡಿಯ ತೂಕವೂ

ನಾಡು ಕಿರಿದಾದ ಮಾತ್ರಕ್ಕೆ ಅದು ಎದುರಿಸುವ ಪ್ರಶ್ನೆಯೂ ಕಿರಿದೆಂದು ಭಾವಿಸಲಾಗದು. 1951ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆಯು 2,29,405 ಮಾತ್ರ. ಆದರೂ ಮರುವರ್ಷದ ಚುನಾವಣೆಯಲ್ಲಿ ಆ ಜನರು, ತಮ್ಮ ನಾಡು ಪ್ರತ್ಯೇಕ ರಾಜ್ಯವಾಗಿ ಉಳಿಯಬೇಕೋ, ವಿಶಾಲ ಕನ್ನಡನಾಡಿನೊಡನೆ ಬೆರೆಯಬೇಕೋ ಎಂಬುದನ್ನು ತೂಗಿ ನೋಡಬೇಕಾಯಿತು.

ಹಾಲೇರಿಯ ವೀರಶೈವ ಅರಸರು ಎರಡು ಶತಮಾನಗಳ ಕಾಲ ಆಳಿದ ಈ ನಾಡು, 1834ರಲ್ಲಿ ಚಿಕ್ಕವೀರರಾಜೇಂದ್ರನ ಪದಚ್ಯುತಿಯೊಡನೆ ಆಂಗ್ಲರ ವಶವಾಯಿತು. 1924ರಲ್ಲಿ ಶಾಸನ ಪರಿಷತ್ತೊಂದು ಏರ್ಪಟ್ಟಿತಾದರೂ ಅದರ 20 ಸದಸ್ಯರಲ್ಲಿ ಚುನಾಯಿತರು 15 ಮಂದಿ; ಮತದಾನದ ಹಕ್ಕಾದರೋ ಕೆಲವರಿಗೆ ಮಾತ್ರ ಮೀಸಲಾಗಿದ್ದಿತು. ಸ್ವತಂತ್ರ ಭಾರತದ ಸಂವಿಧಾನವು ಕೊಡಗನ್ನು 'ಸಿ' ವರ್ಗದ ರಾಜ್ಯವೆಂದು ಗಣಿಸಿತು. 1952ರಲ್ಲಿ ತೋಟದ ಒಡೆಯನೂ ಆ ತೋಟದಲ್ಲಿ ದುಡಿಯುವ ಆಳೂ ಸಮಾನವಾದ ಒಂದೊಂದು ಮತಕ್ಕೆ ಅಧಿಕಾರಿಗಳಾದರು.

18 ಕ್ಷೇತ್ರಗಳಿಂದ 24 ಸದಸ್ಯರು ಆಯ್ಕೆಯಾಗಬೇಕಾಗಿದ್ದಿತು. ಆರು ಕ್ಷೇತ್ರಗಳು ದ್ವಿಸದಸ್ಯ ಕ್ಷೇತ್ರಗಳು. ಒಂದು ಕಡೆ ಕಾಂಗ್ರೆಸ್ಸು; ಅದರ ಮುಂದಾಳು ಸ್ವಾತಂತ್ರ್ಯ ಸಮರದಲ್ಲಿ ಸೆರೆವಾಸ ಅನುಭವಿಸಿದ್ದ, ಸಂವಿಧಾನ ಸಭೆಯಲ್ಲಿ ಕೊಡಗಿನ ಪ್ರತಿನಿಧಿಯಾಗಿದ್ದ ಚೆಪ್ಪುಡಿರ ಮುತ್ತಣ್ಣ ಪೂಣಚ್ಚನವರು. ವಿಲೀನವೇ ಶ್ರೇಯಸ್ಕರವೆಂಬುದು ಆ ಪಕ್ಷದ ನಿಲುವು. ಮತ್ತೊಂದು ಕಡೆ 'ಕೊಡಗಿನ ಗಾಂಧಿ' ಎಂದು ಖ್ಯಾತರಾದ ಪಂದ್ಯಂಡ ಬೆಳ್ಳಿಯಪ್ಪನವರ ನೇತೃತ್ವದ ತಕ್ಕಡಿ ಪಕ್ಷ. ಪ್ರತ್ಯೇಕ ಕೊಡಗೇ ಅದರ ಗುರಿ. ಇಬ್ಬರೂ ಗಾಂಧೀಮಾರ್ಗದ ಪಥಿಕರು. ಇಬ್ಬರೂ ನಾಡನ್ನು ಪ್ರೀತಿಸಿದವರು. ಆದುದರಿಂದಲೇ ಈ ಸ್ಪರ್ಧೆಯು ಸ್ನೇಹಿತನಿಗೂ ಶತ್ರುವಿಗೂ ನಡೆದ ಹೋರಾಟವಾಗಿರದೆ, ಒಂದೇ ಮನೆಯ ಇಬ್ಬರು ಹಿರಿಯರ ವಾದದಂತಿದ್ದಿತು.

ಫಲಿತಾಂಶವು 15ಕ್ಕೆ 9. ಕಾಂಗ್ರೆಸ್ಸಿಗೆ ಬಹುಮತ ದೊರೆಯಿತು. ಉಳಿದ 9 ಸ್ಥಾನಗಳು ದಾಖಲೆಗಳಲ್ಲಿ ಪಕ್ಷೇತರರವೆಂದು ಕಾಣುವುವು. ಪೂಣಚ್ಚನವರು ಮುಖ್ಯಮಂತ್ರಿಗಳಾಗಿ, ಕೆ. ಮಲ್ಲಪ್ಪನವರೊಡನೆ ಇಬ್ಬರೇ ಮಂತ್ರಿಗಳ ಮಂಡಲವನ್ನು ರಚಿಸಿದರು. ಗೆದ್ದವರು ನಾಡನ್ನು ಆಳುವ ಅಧಿಕಾರವನ್ನು ಪಡೆದರು. ಆದರೆ ಅವರು ಹಿಡಿದ ಮಾರ್ಗವು ಆ ಅಧಿಕಾರದ ಅಂತ್ಯವನ್ನೇ ಮುಟ್ಟುವಂತಹುದಾಗಿದ್ದಿತು. ಇಂತಹ ಗೆಲುವು ಚರಿತ್ರೆಯಲ್ಲಿ ವಿರಳ.

1953ರಲ್ಲಿ ನೇಮಕಗೊಂಡ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರ ವರದಿಯಲ್ಲಿ ಕೊಡಗನ್ನು ಕನ್ನಡ ರಾಜ್ಯಕ್ಕೆ ಸೇರಿಸುವಂತೆ ಸಲಹೆಮಾಡಿತು. ಮನೆಮಾತು ಕೊಡವ, ಅರೆಭಾಷೆ, ತುಳು, ಮಲಯಾಳವೇ ಆಗಿರಲಿ, ಹಾಲೇರಿಯ ಅರಸರ ಕಾಲದಿಂದಲೂ ಆಡಳಿತದ ಬರಹವು ಕನ್ನಡವೇ ಆಗಿದ್ದಿತು. 1808ರ ರಾಜೇಂದ್ರನಾಮೆಯೂ ಕನ್ನಡದಲ್ಲಿಯೇ ರಚಿತವಾದುದು. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನವಾಯಿತು. 24 ಸದಸ್ಯರ ಸಭೆಯು ಇಲ್ಲದಾಯಿತು. ಪೂಣಚ್ಚನವರು ಮುಂದೆ ಕೇಂದ್ರದ ರೈಲ್ವೆ ಮಂತ್ರಿಗಳೂ ಆದರು.

ಸೋತ ಪಕ್ಷದ ಆತಂಕವು ಬರಿಯ ಹಟವಾಗಿರಲಿಲ್ಲ. ಮಡಿಕೇರಿಯಲ್ಲಿ 24 ಮಂದಿ ಎತ್ತುತ್ತಿದ್ದ ದನಿಯನ್ನು ದೂರದ ಬೆಂಗಳೂರಿನಲ್ಲಿ ಎಷ್ಟು ಮಂದಿ ಎತ್ತಬಲ್ಲರು ಎಂಬುದು ಆ ಆತಂಕದ ತಿರುಳು. 2008ರಿಂದೀಚೆಗೆ ಜಿಲ್ಲೆಗೆ ಉಳಿದಿರುವುವು ಮಡಿಕೇರಿ, ವಿರಾಜಪೇಟೆ ಎಂಬ ಎರಡು ವಿಧಾನಸಭಾ ಕ್ಷೇತ್ರಗಳು. ಬಹುಮತವು ದಾರಿಯನ್ನು ನಿಶ್ಚಯಿಸಬಲ್ಲುದು. ಆ ದಾರಿಯಲ್ಲಿ ನಡೆವಾಗ ಅಲ್ಪಮತದ ಮಾತನ್ನು ಮರೆಯದಿರುವುದು ಗೆದ್ದವರ ಧರ್ಮ. ಹದಿನೈದರ ತಟ್ಟೆಯು ಕೆಳಗಿಳಿದುದು ನಿಜ. ಒಂಬತ್ತರ ತಟ್ಟೆಯೂ ಬರಿದಾಗಿರಲಿಲ್ಲ.